ಓಬಳನನ್ನು ಎತ್ತಿಕೊಟ್ಟವರು

ಮುನಿತಾಯಮ್ಮನವರು ಈ ಸಂಗತಿಯನ್ನು ನನಗೆ ಒಂದೇ ದಿನ ಹೇಳಿದ್ದಲ್ಲ. ಹುಣಸೆಹಣ್ಣಿನ ಬೀಜ ಬಿಡಿಸುವಾಗ ಸ್ವಲ್ಪ, ಅವರೆಕಾಯಿ ಸುಲಿಯುವಾಗ ಸ್ವಲ್ಪ, ಹೀಗೆ ಎರಡು ಮೂರು ವರ್ಷ ಹಿಡಿಯಿತು. ಅವರ ಮಾತು ನಿಂತರೆ ನಾನು ಕೆದಕುತ್ತಿರಲಿಲ್ಲ. ಕುಂದಾಣಕ್ಕೆ ಎರಡು ಮೈಲಿ ದೂರದ ಈ ಊರಿಗೆ ನಾನು ಸೊಸೆಯಾಗಿ ಬಂದಾಗ ಅವರ ತಲೆ ಆಗಲೇ ನರೆತಿತ್ತು. ಅವರ ಮನೆಯ ಮುಂಬಾಗಿಲು ಮಳೆಯಿರಲಿ, ಬಿಸಿಲಿರಲಿ ತೆರೆದೇ ಇರುತ್ತಿತ್ತು. ಯಾಕೆಂದು ಊರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ. ಅವರಾಗಿಯೇ ಹೇಳಿದರು.

ಮುನಿತಾಯಮ್ಮ ಮೂರು ಹೆತ್ತು ಮೂರನ್ನೂ ಮಣ್ಣಿಗೆ ಕೊಟ್ಟವರು. ಗಂಡ ರಾಮಾಂಜಿನಪ್ಪ ಮಾತು ಕಡಿಮೆ, ರಾಗಿ ಹೊಲ ಬಿಟ್ಟರೆ ಬೇರೆ ಲೋಕವಿಲ್ಲ. ಗಂಡನ ಅಕ್ಕ ಮಾರಕ್ಕ ವಿಧವೆಯಾಗಿ ತಮ್ಮನ ಮನೆಯಲ್ಲೇ ಇದ್ದರು. ಮಾತು ಒರಟು, ಆದರೆ ಮೂರು ಬಾಣಂತನವನ್ನೂ ಮಾಡಿದ ಕೈ.

ಸಾವಿರದ ಒಂಬೈನೂರ ನಲವತ್ತೆರಡರ ಮಳೆಗಾಲ. ದೊಡ್ಡಬಳ್ಳಾಪುರದಿಂದ ಸೀರೆ ಗಂಟು ಹೊತ್ತು ಊರೂರು ತಿರುಗುವ ಪಿಳ್ಳಣ್ಣ ಅವರ ಜಗಲಿಗೆ ಬಂದು ಕುಳಿತ. ಎಂಟು ವರ್ಷದಿಂದ ಅವನು ಕಂಡಿರಲಿಲ್ಲ. ರಂಗೂನಿಗೆ ಹೋಗಿ ಬಂದರಿನ ಉಗ್ರಾಣದಲ್ಲಿ ಕೆಲಸಕ್ಕಿದ್ದವನು, ಯುದ್ಧ ಬಂದಾಗ ಸಾವಿರಾರು ಜನರೊಂದಿಗೆ ನಡೆದೇ ಹಿಂದಿರುಗಿದ್ದ. ಕೆನ್ನೆ ಒಳಕ್ಕೆ ಹೋಗಿತ್ತು. ಅವನ ಪಕ್ಕದಲ್ಲಿ ನಾಲ್ಕು ವರ್ಷದ ಗಂಡುಮಗು, ಬೀದಿಯ ಕಡೆಗೇ ಮುಖ ಮಾಡಿ ಕುಳಿತಿತ್ತು.

"ಯಾರದಣ್ಣ ಈ ಕೂಸು?" ಎಂದು ಮುನಿತಾಯಮ್ಮ ಕೇಳಿದರು.

"ರಂಗೂನಲ್ಲಿ ನನ್ನ ಪಕ್ಕದ ಕೋಣೆಯೋನದು ಕಣಮ್ಮ. ಗಂಗಣ್ಣ ಅಂತ, ಹೊಸಕೋಟೆ ಕಡೆಯೋನು, ನಿಮ್ಮೋರೇ. ಅಲ್ಲೇ ಬರ್ಮಾ ಹೆಣ್ಣನ್ನ ಕಟ್ಕೊಂಡಿದ್ದ. ಬಾಂಬು ಬಿದ್ದಾಗ ಆಯಮ್ಮ ಹೋಗ್ಬಿಡ್ತು. ಇವನ ಹೆಸರು ಓಬಳ."

"ಅಪ್ಪ ಎಲ್ಲಿ?"

ಪಿಳ್ಳಣ್ಣ ಮಗುವಿನ ಕಡೆ ನೋಡಿ ದನಿ ತಗ್ಗಿಸಿದ. "ಬೆಟ್ಟದ ದಾರೀಲಿ ಗಂಗಣ್ಣಂಗೆ ಜ್ವರ ಬಂತು. ಒಂದು ಬಂಡೆ ಮೇಲೆ ಕೂತ್ಬಿಟ್ಟ. ಮಗನ ಕೈನ ನನ್ನ ಕೈಗಿಟ್ಟು, ‘ನೀವು ಮುಂದೆ ನಡೀತಾ ಇರಿ, ನಾನು ಹಿಂದೇನೇ ಬರ್ತೀನಿ’ ಅಂದ. ಮಗೂಗೂ ಅದನ್ನೇ ಹೇಳ್ದ."

"ಬಂದ್ನಾ?"

"ಬಂದಿದ್ರೆ ನಾನ್ಯಾಕಮ್ಮ ಇವನ್ನ ಕರ್ಕೊಂಡು ತಿರುಗ್ಲಿ. ನಂಗೇ ನಾಲ್ಕಿವೆ, ಮಗ್ಗ ಒಂದೇ."

ಅಂದು ಮಗುವಿನ ಮೈ ಸುಡುತ್ತಿತ್ತು. ಜ್ವರ ಇಳಿಯುವವರೆಗೆ ಇರಲಿ ಎಂದು ಮುನಿತಾಯಮ್ಮ ಒಳಗೆ ಕರೆದುಕೊಂಡರು. ಜ್ವರ ಒಂಬತ್ತು ದಿನಕ್ಕೆ ಇಳಿಯಿತು. ಪಿಳ್ಳಣ್ಣ ಕರೆದೊಯ್ಯಲು ಬಂದಾಗ ಮುನಿತಾಯಮ್ಮ ಹಿತ್ತಿಲಲ್ಲಿ ಮಗುವಿನ ತಲೆಗೆ ನೀರು ಹಾಕುತ್ತಿದ್ದರು. ಪಿಳ್ಳಣ್ಣ ನೋಡಿದ, ಗಂಟು ಎತ್ತಿಕೊಂಡು ಹೊರಟುಹೋದ. ಆಮೇಲೆ ಸೀರೆ ಮಾರಲು ಬಂದಾಗಲೆಲ್ಲ ನೋಡಿಕೊಂಡು ಹೋಗುತ್ತಿದ್ದ.

ಓಬಳ ಅಳುವ ಮಗುವಲ್ಲ. ಕೊಟ್ಟದ್ದು ಉಣ್ಣುತ್ತಿದ್ದ, ಹೇಳಿದಲ್ಲಿ ಮಲಗುತ್ತಿದ್ದ. ಒಂದೇ ಒಂದು ಹಟ. ಬಾಗಿಲು ಹಾಕಲು ಬಿಡುತ್ತಿರಲಿಲ್ಲ. ತಾನು ಒಳಗೆ ಬಂದ ಮೇಲೆ ಬಾಗಿಲಿನಿಂದ ಒಂದಿಷ್ಟು ಸರಿದು ನಿಂತು, ಯಾರೋ ಬರಲು ದಾರಿ ಬಿಡುವಂತೆ ಕಾಯುತ್ತಿದ್ದ.

"ಏನ್ಲಾ, ನಿಮ್ಮ ರಂಗೂನಲ್ಲಿ ಮನೆಗೆ ಬಾಗಿಲೇ ಇರ್ಲಿಲ್ವಾ?" ಎಂದು ಮಾರಕ್ಕ ಗದರಿದರು. "ನಾಯಿ ನುಗ್ಗುತ್ತೆ, ಹಾಕು."

"ನಾಯ್ನ ಬರ್ತಾರೆ," ಎಂದ. ತಂದೆಯನ್ನು ಅವನು ತೆಲುಗಿನಲ್ಲಿ ನಾಯ್ನ ಎನ್ನುತ್ತಿದ್ದ.

"ಎಲ್ಲವ್ನೆ ನಿಮ್ಮ ನಾಯ್ನ?"

"ಹಿಂದೆ."

ಮೊದಮೊದಲು ಮುನಿತಾಯಮ್ಮ ಇದನ್ನು ಮಗುವಿನ ಮಾತೆಂದೇ ತಿಳಿದರು. ಮಗು ಮಲಗಿದ ಮೇಲೆ ರಾಮಾಂಜಿನಪ್ಪ ಎದ್ದು ಅಗುಳಿ ಹಾಕುತ್ತಿದ್ದರು. ಬೆಳಿಗ್ಗೆ ಮಗು ಏಳುವ ಮೊದಲು ತೆಗೆಯುತ್ತಿದ್ದರು.

ಆ ವರ್ಷದ ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಮುನಿತಾಯಮ್ಮ ಕೆರೆಯ ತೂಬಿನ ಬಳಿ ಬಟ್ಟೆ ಒಗೆಯುತ್ತಿದ್ದರು. ಓಬಳ ಏರಿಯ ಮೇಲೆ ಒಬ್ಬನೇ ನಡೆದು ಬರುತ್ತಿದ್ದ. ಏರಿಯ ಮಗ್ಗುಲಲ್ಲಿ ಕೂತಿದ್ದ ಬೆಳ್ಳಕ್ಕಿಗಳು ಅವನು ಹತ್ತಿರ ಬಂದಾಗ ಎದ್ದು ಹಾರಿ, ಅವನು ದಾಟಿದ ಮೇಲೆ ಮತ್ತೆ ಬಂದು ಕೂತವು. ಓಬಳ ಬಂದು ಒಗೆಯುವ ಕಲ್ಲಿನ ಪಕ್ಕ ಕುಳಿತ. ಅವರು ನಾಲ್ಕು ಬಟ್ಟೆ ಹಿಂಡಿದರು. ಆಗ ಏರಿಯ ಅದೇ ಜಾಗದಲ್ಲಿ ಬೆಳ್ಳಕ್ಕಿಗಳು ಮತ್ತೊಮ್ಮೆ ಎದ್ದವು. ಏರಿಯ ಮೇಲೆ ಯಾರೂ ಇರಲಿಲ್ಲ. ಎದ್ದ ಹಕ್ಕಿಗಳು ಸ್ವಲ್ಪ ಹೊತ್ತಿನ ಬಳಿಕ, ಏನೋ ದಾಟಿ ಹೋಯಿತೆಂಬಂತೆ, ಇಳಿದು ಕೂತವು.

ಆಮೇಲೆ ಅವರು ಅದನ್ನು ನೋಡುತ್ತಲೇ ಇದ್ದರು. ಬೇರೆಯವರು ನಡೆದರೆ ಹಕ್ಕಿಗಳು ಒಂದು ಸಲ ಏಳುತ್ತಿದ್ದವು. ಓಬಳ ನಡೆದರೆ ಎರಡು ಸಲ. ಗಂಡನಿಗೆ ಹೇಳಲಿಲ್ಲ. ನಮ್ಮೂರ ಮುನೇಶ್ವರನ ಕಲ್ಲಿಗೆ ಪ್ರತಿ ಸೋಮವಾರ ಒಂದು ಹಿಡಿ ಅಕ್ಕಿ ಇಟ್ಟು ಕೈಮುಗಿದು ಬರುತ್ತಿದ್ದರು. ಏನು ಬೇಡಿದಿರಿ ಎಂದು ನಾನು ಒಮ್ಮೆ ಕೇಳಿದೆ. "ಏನೂ ಇಲ್ಲ. ಸುಮ್ನೆ ನಿಂತ್ಕೋತಿದ್ದೆ," ಎಂದರು.

ಓಬಳನನ್ನು ಮಗನೆಂದು ಬರೆಸಬೇಕೆಂದು ಅವರು ದೇವನಹಳ್ಳಿಯ ಕಚೇರಿಗೆ ಹೋದದ್ದು ಮರುವರ್ಷ. ರಾಮಾಂಜಿನಪ್ಪ, ಅವರು, ನಡುವೆ ಹುಡುಗ. ಬೆಳಕು ಹರಿಯುವ ಮೊದಲು ಹೊರಟರೆ ಬಿಸಿಲೇರುವ ಹೊತ್ತಿಗೆ ಮುಟ್ಟಬಹುದು. ಹುಡುಗ ನೂರು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದುದರಿಂದ ಅವರಿಗೆ ಮಧ್ಯಾಹ್ನವಾಯಿತು.

ಗುಮಾಸ್ತರ ಹೆಸರು ವೆಂಕಟರಮಣಪ್ಪ. ಕನ್ನಡಕದ ಒಂದು ಕಡ್ಡಿ ಮುರಿದಿದ್ದರಿಂದ ದಾರ ಕಟ್ಟಿ ಕಿವಿಗೆ ಸಿಕ್ಕಿಸಿಕೊಂಡಿದ್ದರು. ಕೇಳಿದರು, "ತಾಯಿ?"

"ಸತ್ತೋಗವ್ಳೆ ಸ್ವಾಮಿ."

"ತಂದೆ? ಇದ್ದಾನೋ ಇಲ್ವೋ?"

"ಗೊತ್ತಿಲ್ಲ ಸ್ವಾಮಿ," ಎಂದರು ರಾಮಾಂಜಿನಪ್ಪ.

"ಗೊತ್ತಿಲ್ಲ ಅನ್ನೋದಕ್ಕೆ ನಮ್ಮಲ್ಲಿ ಫಾರಂ ಇಲ್ಲಪ್ಪ."

ಅವರು ಕೆಟ್ಟವರಲ್ಲ. ಇಬ್ಬರನ್ನೂ ಕೂರಿಸಿ ವಿವರಿಸಿದರು. "ದತ್ತು ಅಂದ್ರೆ ತಗೊಳೋದು ಒಂದೇ ಅಲ್ಲಮ್ಮ. ಕೊಡೋರು ಇರಬೇಕು. ಹೆತ್ತೋರು ತಮ್ಮ ಕೈಯಾರೆ ಮಗೂನ ಎತ್ತಿ ನಿನ್ನ ಮಡಿಲಿಗೆ ಹಾಕಬೇಕು. ಅನಾಥನ್ನ ಸಾಕಬಹುದು, ದತ್ತು ಮಾಡ್ಕೊಳೋಕೆ ಶಾಸ್ತ್ರದಲ್ಲಿ ದಾರಿ ಇಲ್ಲ. ತಂದೇನೂ ಸತ್ತಿದ್ರೆ, ಎತ್ತಿ ಕೊಡೋರು ಯಾರು?"

"ಬದುಕಿದ್ರೆ?" ಎಂದರು ಮುನಿತಾಯಮ್ಮ.

"ಬದುಕಿದ್ರೆ ಬರಲಿ. ಬರಕ್ಕಾಗದೇ ಇದ್ರೆ, ನನ್ನ ಪರವಾಗಿ ಇಂಥೋನು ಎತ್ತಿ ಕೊಡಲಿ ಅಂತ ಬರೆಸಿ, ಹೆಬ್ಬೆಟ್ಟು ಒತ್ತಿ, ಅಲ್ಲಿನ ಅಧಿಕಾರಿ ಮುದ್ರೆ ಹಾಕಿಸಿ ಕಳಿಸಲಿ. ಅವನು ಉಸಿರಾಡ್ತಾ ಇರೋ ದಿನವೇ ಕೊಟ್ಟಿದ್ದಾಗಬೇಕು, ಅಷ್ಟೇ."

ಓಬಳ ಕಚೇರಿಯ ಬಾಗಿಲ ಬಳಿ ನಿಂತು ಇದನ್ನೆಲ್ಲ ಕೇಳುತ್ತಿದ್ದ. ಜವಾನ ಬಾಗಿಲು ಮುಚ್ಚಲು ಹೋದಾಗ ಕಾಲು ಅಡ್ಡ ಇಟ್ಟ.

ಹಾಗಾಗಿ ಮುನಿತಾಯಮ್ಮ, ತಮ್ಮ ಮಗನ ತಂದೆ ಬದುಕಿರಲಿ ಎಂದು ಬೇಡತೊಡಗಿದರು. ಅವನು ಬಂದರೆ ಹುಡುಗನನ್ನು ಕರೆದೊಯ್ಯಬಹುದು, ಬಾರದಿದ್ದರೆ ಹುಡುಗ ತಮ್ಮವನಾಗುವುದಿಲ್ಲ. ಬರ್ಮಾ ಜಪಾನಿನವರ ಕೈಯಲ್ಲಿದ್ದಷ್ಟು ಕಾಲ ಅಲ್ಲಿಗೆ ಕಾಗದವೇ ಹೋಗುತ್ತಿರಲಿಲ್ಲ. ನಲವತ್ತೈದರಲ್ಲಿ ಟಪಾಲು ಶುರುವಾದ ಮೇಲೆ ಪಿಳ್ಳಣ್ಣ ನೆನಪು ಮಾಡಿಕೊಂಡು ಹೇಳಿದ ವಿಳಾಸಗಳಿಗೆಲ್ಲ ಬರೆಸಿದರು. ಬಂದರಿನ ಉಗ್ರಾಣಕ್ಕೆ, ಗಂಗಣ್ಣನಿದ್ದ ಬೀದಿಗೆ, ಅಲ್ಲಿನ ಸರ್ಕಾರದ ಕಚೇರಿಗೆ. ಊರಿಗೆ ಅಂಚೆ ಬರುವ ಗುರುವಾರ ಜಗಲಿ ಬಿಟ್ಟು ಅವರು ಏಳುತ್ತಿರಲಿಲ್ಲ. ಅಂಚೆಯವನು ದೂರದಿಂದಲೇ ತಲೆಯಾಡಿಸಿಬಿಡುತ್ತಿದ್ದ.

ಕೆರೆ ಏರಿಯ ಹಕ್ಕಿಗಳಲ್ಲಿ ಒಂದು ಬದಲಾವಣೆಯಾಗುತ್ತಿತ್ತು. ಮೊದಲ ವರ್ಷ ಅವು ಎರಡನೆಯ ಸಲ ಏಳಲು ನಾಲ್ಕು ಬಟ್ಟೆ ಹಿಂಡುವಷ್ಟು ಹೊತ್ತು ಹಿಡಿಯುತ್ತಿತ್ತು. ಮೂರನೆಯ ವರ್ಷಕ್ಕೆ ಎರಡು ಬಟ್ಟೆ. ನಲವತ್ತಾರರ ಶ್ರಾವಣದಲ್ಲಿ ಒಂದು ಕೊಡ ನೀರು ತುಂಬುವಷ್ಟರಲ್ಲಿ ಎದ್ದವು. ಭಾದ್ರಪದಕ್ಕೆ ಅವು ಪೂರ್ತಿ ಕೂರುವ ಮೊದಲೇ ಏಳುತ್ತಿದ್ದವು.

"ನಿಮ್ಮ ನಾಯ್ನ ಎಲ್ಲವ್ರೋ ಈಗ?" ಎಂದು ಒಂದು ದಿನ ಅವರೇ ಕೇಳಿದರು. ತಲೆ ಬಾಚುತ್ತಿದ್ದರು. ಓಬಳನಿಗೆ ಆಗ ಎಂಟು ವರ್ಷ.

"ತೂಬಿನ ಹತ್ರ," ಎಂದ, ಆಟದ ಗೋಲಿ ಎಣಿಸುತ್ತಾ.

ಬಾಚಣಿಗೆ ಅಲ್ಲೇ ನಿಂತಿತು.

ಅದೇ ವಾರ ಬೆಂಗಳೂರಿನ ದಂಡಿನ ಕಡೆಯ ಒಂದು ಕಚೇರಿಯಿಂದ ಕಾಗದ ಬಂತು. ಬರ್ಮಾದಿಂದ ಬಂದ ಮಕ್ಕಳ ಪಟ್ಟಿಯಲ್ಲಿ ಓಬಳನ ಹೆಸರಿತ್ತು. ಯಾರ ಮಗುವೆಂದು ತೋರಿಸುವ ಪತ್ರ ದಸರೆ ಕಳೆದು ಹದಿನೈದು ದಿನದೊಳಗೆ ಒಪ್ಪಿಸದಿದ್ದರೆ, ಮಗುವನ್ನು ಮದರಾಸಿಗೆ ಒಯ್ದು ಹಡಗಿನಲ್ಲಿ ರಂಗೂನಿಗೆ ಕಳಿಸುವುದಾಗಿ ಬರೆದಿತ್ತು. ಅಲ್ಲಿ ತಂದೆ ಸಿಕ್ಕರೆ ಸರಿ, ಸಿಗದಿದ್ದರೆ ಅನಾಥಾಲಯ. ಶಾನುಭೋಗರು ಓದಿ ಮುಗಿಸಿದಾಗ ರಾಮಾಂಜಿನಪ್ಪ ಕಾಗದವನ್ನು ತೆಗೆದುಕೊಳ್ಳಲು ಕೈ ಚಾಚಲೇ ಇಲ್ಲ.

ಆಗ ಬಂದದ್ದು ಮಾಳಯದ ಅಮಾವಾಸ್ಯೆ. ನಮ್ಮ ಕಡೆ ಅಂದು ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತವರ ಹೆಸರಿನಲ್ಲಿ ಒಬ್ಬೊಬ್ಬರಿಗೊಂದು ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಹೊಸ ಬಟ್ಟೆ ಇಟ್ಟು, ದೀಪ ಹಚ್ಚಿ, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತೇವೆ. ಅವರು ಬಂದು ಉಣ್ಣಲೆಂದು. ಒಂದಿಷ್ಟು ಹೊತ್ತಾದ ಮೇಲೆ ಮೂರು ಸಲ ಕೆಮ್ಮಿ ಬಾಗಿಲು ತೆಗೆಯುವುದು ಪದ್ಧತಿ.

"ಆ ಹುಡುಗನ ಅಪ್ಪಂಗೂ ಒಂದೆಲೆ ಹಾಕು," ಎಂದರು ಮಾರಕ್ಕ. ಅವರಿಗೂ ಏನೋ ಗೊತ್ತಿತ್ತು. "ನಾಲ್ಕು ವರ್ಷದಿಂದ ಹಸ್ಕೊಂಡು ಮನೆ ಸುತ್ತ ತಿರುಗ್ತಾವ್ನೆ. ನಂಗೇನು ಕಣ್ಣಿಲ್ವಾ?"

"ಬದುಕಿರೋರಿಗೆ ಎಡೆ ಇಡ್ತಾರೇನಕ್ಕ?" ರಾಮಾಂಜಿನಪ್ಪ ಅಪರೂಪಕ್ಕೆ ದನಿ ಎತ್ತಿದರು. "ಬದುಕಿರೋರಿಗೆ ಇಟ್ರೆ ಕರೆದಂಗೆ."

"ಬದುಕಿದ್ರೆ ಒಂದು ಕಾಗದ ಬರೀತಿರ್ಲಿಲ್ವಾ? ನಿಂಗೆ ರಾಗಿ ಒಂದೇ ಗೊತ್ತು, ಸುಮ್ಕಿರು."

ತೀರ್ಮಾನ ಮುನಿತಾಯಮ್ಮನವರ ಮೇಲೆ ಬಂತು. ಮೂರು ದಿನ ಯೋಚಿಸಿದರು. ರಂಗೂನಿನಿಂದ ಕಾಗದ ಬಂದೀತೆಂಬ ಆಸೆ ಕರಗಿಹೋಗಿತ್ತು. ಹತ್ತಿರ ಹತ್ತಿರ ಬರುತ್ತಿರುವುದು ಹಸಿದ ಜೀವವೇ ಆಗಿದ್ದರೆ ಉಣ್ಣದೆ ಯಾಕಿರಬೇಕು? ಇನ್ನೊಂದು ಮಾತನ್ನೂ ಅವರು ನನ್ನ ಬಳಿ ಮುಚ್ಚಿಡಲಿಲ್ಲ. ಉಂಡವರು ಕೇಳಿದ್ದನ್ನು ಕೊಡುತ್ತಾರೆ ಎಂದು ಅವರಿಗೆ ಅನ್ನಿಸಿತ್ತು.

ಗಂಗಣ್ಣನಿಗೆ ಏನು ಇಷ್ಟವೆಂದು ತಿಳಿಯಲು ಪಿಳ್ಳಣ್ಣನಿಗೆ ಹೇಳಿಕಳಿಸಿದರು. ಅವನು ಅಮಾವಾಸ್ಯೆಯ ಮಧ್ಯಾಹ್ನ ಚಹಾಪುಡಿಯ ಪೊಟ್ಟಣ ಹಿಡಿದು ಬಂದ. "ಹಾಲಾಕಬೇಡಿ. ಅವನು ಕರೀ ಚಹಾನೇ ಕುಡಿಯೋದು," ಎಂದ. ಯಾಕೋ ಅವನು ಗಂಗಣ್ಣನ ಬಗ್ಗೆ ಬದುಕಿರುವವನಂತೆಯೇ ಮಾತಾಡಿದ.

ಮನೆಯ ಹಿರಿಯರಿಗೆ ನಾಲ್ಕು ಎಲೆ ಹಾಕಿದ್ದರು. ಐದನೆಯದನ್ನು ಬಾಗಿಲ ಕಡೆಗೆ, ಸ್ವಲ್ಪ ಬಿಟ್ಟು ಹಾಕಿದರು. ಅನ್ನ, ವಡೆ, ಕಜ್ಜಾಯ, ಒಂದು ಲೋಟ ಕರಿ ಚಹಾ, ಒಂದು ಚೊಂಬು ನೀರು, ಹೊಸ ಪಂಚೆ. ಪಡುವಲಲ್ಲಿ ಹೊತ್ತು ಇನ್ನೂ ತೆಂಗಿನ ಮರದಷ್ಟು ಎತ್ತರದಲ್ಲಿತ್ತು. ಎಲ್ಲರೂ ಹೊರಗೆ ಬಂದರು. ರಾಮಾಂಜಿನಪ್ಪ ಬಾಗಿಲು ಎಳೆದುಕೊಂಡರು.

ಎಲ್ಲರೂ ಜಗಲಿಯಲ್ಲಿ ಕುಳಿತರು. ಊರೆಲ್ಲ ಹಾಗೆಯೇ ಇತ್ತು, ಮನೆಮನೆಯ ಮುಂದೆಯೂ ಜನ, ಮುಚ್ಚಿದ ಬಾಗಿಲುಗಳು. ಮುನಿತಾಯಮ್ಮನವರ ಜಗಲಿಯಿಂದ ಕೆರೆ ಏರಿ ಕಾಣುತ್ತದೆ. ಏರಿ ಖಾಲಿಯಿತ್ತು. ತೂಬಿನ ಬಳಿಯ ಬೆಳ್ಳಕ್ಕಿಗಳು ಎದ್ದವು. ಅದಕ್ಕಿಂತ ಈಚಿನವು ಎದ್ದವು. ಆಮೇಲೆ ಏರಿ ಮುಗಿಯುವಲ್ಲಿನ ಹುಣಸೆ ಮರದವು ಎದ್ದವು. ಮತ್ತೆ ಎಲ್ಲ ಒಂದೊಂದಾಗಿ ಇಳಿದು ಕೂತವು.

ಆಗ ಅವರಿಗೆ ಓಬಳ ಜಗಲಿಯಲ್ಲಿಲ್ಲ ಎಂದು ಹೊಳೆಯಿತು.

"ಮಗು ಎಲ್ಲಿ?"

ಒಳಗೆ ಚೊಂಬಿನಿಂದ ನೀರು ಸುರಿದ ಸದ್ದು ಕೇಳಿಸಿತು. ಧಾರೆ ಎರೆದಂತೆ ನಿಧಾನವಾಗಿ, ತುಂಡಾಗದೆ. ರಾಮಾಂಜಿನಪ್ಪ ಎದ್ದರು, ಮಾರಕ್ಕ ಅವರ ಪಂಚೆಯ ಅಂಚು ಹಿಡಿದು ಕೂರಿಸಿದರು. ಸದ್ದು ನಿಂತ ಮೇಲೆ ಪಿಳ್ಳಣ್ಣ ಹೋಗಿ ಮೂರು ಸಲ ಕೆಮ್ಮಿದ.

ಬಾಗಿಲು ತೆಗೆದದ್ದು ಒಳಗಿನಿಂದ. ಓಬಳ ಹೊರಗೆ ಬಂದ. ಅವನ ಬಲಗೈ ಮೊಣಕೈವರೆಗೆ ಒದ್ದೆಯಾಗಿತ್ತು. ಬಂದವನು ಹಿಂತಿರುಗಿ, ನಾಲ್ಕು ವರ್ಷದಲ್ಲಿ ಮೊದಲ ಸಲ, ತನ್ನ ಕೈಯಿಂದಲೇ ಬಾಗಿಲು ಎಳೆದು ಮುಚ್ಚಿದ.

"ಒಳಗೆ ಯಾಕೆ ಉಳ್ಕೊಂಡ್ಯೋ?" ಎಂದರು ಮಾರಕ್ಕ. ಗದರಿಕೆಯ ದನಿ ಅವರಿಗೆ ಬರಲಿಲ್ಲ.

"ರಾಗಿ ತುಂಬೋ ವಾಡೆ ಹಿಂದೆ ಕೂತಿದ್ದೆ. ನಾಯ್ನ ಬಂದ್ರು. ಚಹಾ ಕುಡಿದ್ರು." ಅವನು ಪಿಳ್ಳಣ್ಣನ ಕಡೆ ನೋಡಿದ. "ಪಿಳ್ಳಣ್ಣ ಮಾಮ ಎತ್ತಿ ಕೊಡ್ಲಿ ಅಂದ್ರು."

ಪಿಳ್ಳಣ್ಣ ಬಗ್ಗಿ, ಎಂಟು ವರ್ಷದ ಹುಡುಗನನ್ನು ಕೂಸಿನಂತೆ ಎತ್ತಿ, ಜಗಲಿಯಲ್ಲಿ ಕುಳಿತಿದ್ದ ಮುನಿತಾಯಮ್ಮನವರ ಮಡಿಲಲ್ಲಿ ಇಟ್ಟ. ಹುಡುಗ ಭಾರವಾಗಿದ್ದ. ಅವನ ಒದ್ದೆ ಕೈ ಅವರ ಸೀರೆಗೆ ತಗುಲಿ ತಣ್ಣಗಾಯಿತು.

ಒಳಗೆ ಐದನೆಯ ಎಲೆಯ ಅನ್ನ ಹಾಗೇ ಇತ್ತು. ಲೋಟ ಖಾಲಿ. ಹುಡುಗನೇ ಕುಡಿದಿರಬಹುದು, ನೀರನ್ನೂ ಅವನೇ ಸುರಿದಿರಬಹುದು. ಕಚೇರಿಯಲ್ಲಿ ಕೇಳಿದ ಮಾತು ಅವನ ತಲೆಯಲ್ಲಿ ಕೂತಿರಬಹುದು. ರಾಮಾಂಜಿನಪ್ಪ ಕೊನೆಯವರೆಗೂ ಹಾಗೆಯೇ ಹೇಳುತ್ತಿದ್ದರಂತೆ.

ರಂಗೂನಿನ ಕಾಗದ ಬಂದದ್ದು ದಸರೆ ಕಳೆದ ಹದಿಮೂರನೆಯ ದಿನ, ಗುರುವಾರ. ಅಂಚೆಯವನು ಈ ಸಲ ದೂರದಿಂದಲೇ ಕೈ ಬೀಸಿದ. ಮರುದಿನ ಪಿಳ್ಳಣ್ಣನನ್ನೂ ಕರೆದುಕೊಂಡು ದೇವನಹಳ್ಳಿಗೆ ಹೋದರು. ವೆಂಕಟರಮಣಪ್ಪನವರು ಲಕೋಟೆಯಿಂದ ಎರಡು ಹಾಳೆ ತೆಗೆದು ಓದಿದರು. ದಾರ ಕಟ್ಟಿದ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

ಗಂಗಣ್ಣ ಬೆಟ್ಟದ ದಾರಿಯಲ್ಲಿ ಸತ್ತಿರಲಿಲ್ಲ. ಯಾರೋ ಅವನನ್ನು ಹಿಂದಕ್ಕೆ, ಬರ್ಮಾದೊಳಕ್ಕೇ ಸಾಗಿಸಿದ್ದರು. ನಾಲ್ಕು ವರ್ಷ ಎಲ್ಲೆಲ್ಲೋ ಕೂಲಿ ಮಾಡಿ, ಕೊನೆಗೆ ರಂಗೂನಿನ ಒಂದು ಆಸ್ಪತ್ರೆ ಸೇರಿದ್ದ. ಇವರ ಕಾಗದಗಳಲ್ಲಿ ಒಂದು ಅವನನ್ನು ಹುಡುಕಿಕೊಂಡು ಅಲ್ಲಿಗೆ ತಲುಪಿತ್ತು. ಮಗನನ್ನು ರಾಮಾಂಜಿನಪ್ಪ ದಂಪತಿಗೆ ದತ್ತು ಕೊಡಲು ಒಪ್ಪಿದ್ದೇನೆ, ನನ್ನ ಪರವಾಗಿ ಪಿಳ್ಳಣ್ಣ ಎತ್ತಿಕೊಡಲಿ ಎಂದು ಬರೆಸಿ ಹೆಬ್ಬೆಟ್ಟು ಒತ್ತಿದ್ದ. ತಾರೀಖು ಸೆಪ್ಟೆಂಬರ್ ಇಪ್ಪತ್ತೈದು.

"ಅಮಾವಾಸ್ಯೆ ದಿನ," ಎಂದರು ವೆಂಕಟರಮಣಪ್ಪ. ಎರಡನೆಯ ಹಾಳೆಯನ್ನು ಅವರು ನಿಧಾನವಾಗಿ ಓದಿದರು. ಅದೇ ದಿನ ಸಂಜೆ ಐದೂವರೆಗೆ ಗಂಗಣ್ಣ ತೀರಿಕೊಂಡಿದ್ದ. ಕೆಲವು ವಾರಗಳಿಂದ, ನಡೆದು ನಡೆದು ಕಾಲು ನೋಯುತ್ತಿದೆ, ಇನ್ನು ಸ್ವಲ್ಪವೇ ದೂರ ಎನ್ನುತ್ತಿದ್ದ ಎಂದು ಆಸ್ಪತ್ರೆಯವರು ಕೊನೆಗೆ ಒಂದು ಸಾಲು ಸೇರಿಸಿದ್ದರು.

ಮುನಿತಾಯಮ್ಮ ನೆಲ ನೋಡುತ್ತಾ ನಿಂತರು. ಗಂಡನ ಮಾತು ಕಿವಿಯಲ್ಲಿತ್ತು. ಬದುಕಿರೋರಿಗೆ ಇಟ್ರೆ ಕರೆದಂಗೆ.

"ಎತ್ತಿ ಕೊಟ್ಟದ್ದಾಗಿದ್ಯಾ?" ಎಂದರು ಗುಮಾಸ್ತರು. "ಅವನು ಸತ್ತ ಮೇಲಾದ್ರೆ ಬರೋದಿಲ್ಲ. ನೋಡಿಕೊಂಡು ಹೇಳಿ."

"ಅವತ್ತೇ ಆಯ್ತು ಸ್ವಾಮಿ," ಎಂದ ಪಿಳ್ಳಣ್ಣ. "ನಾನೇ ಎತ್ತಿ ಕೊಟ್ಟೆ."

"ಕಾಗದ ಬಂದಿದ್ದು ನಿನ್ನೆ. ಅವತ್ತೇ ನಿಂಗೆ ಯಾರು ಹೇಳಿದ್ರು?"

ಪಿಳ್ಳಣ್ಣ ಓಬಳನ ಕಡೆ ನೋಡಿದ. ಓಬಳ ಗೋಡೆಯ ಗಡಿಯಾರ ನೋಡುತ್ತಿದ್ದ.

"ಎಷ್ಟು ಹೊತ್ತಿಗಮ್ಮ?" ಗುಮಾಸ್ತರು ಈ ಸಲ ಮುನಿತಾಯಮ್ಮನವರನ್ನೇ ಕೇಳಿದರು.

ಅವರು ಸುಳ್ಳು ಹೇಳುವವರಲ್ಲ. ಗಡಿಯಾರ ನೋಡಲು ಬರುತ್ತಲೂ ಇರಲಿಲ್ಲ. "ಅವರು ಚಹಾ ಕುಡಿದ ಮೇಲೆ," ಎಂದರು.

"ಯಾರು?"

ವೆಂಕಟರಮಣಪ್ಪ ಮುನಿತಾಯಮ್ಮನವರ ಮುಖವನ್ನೂ ಹುಡುಗನ ಮುಖವನ್ನೂ ನೋಡಿದರು. ಆಮೇಲೆ ಲೇಖನಿ ಮಸಿಗೆ ಅದ್ದಿ, "ತಾರೀಖು ಬರೀತೀನಿ. ಹೊತ್ತು ಕೇಳೋ ಕಾಲಂ ಇದರಲ್ಲಿಲ್ಲ," ಎಂದು ಬರೆದರು. ಪತ್ರ ನೋಂದಾವಣೆಯಾಯಿತು. ಓಬಳ, ರಾಮಾಂಜಿನಪ್ಪನವರ ಮಗ. ಮುನಿತಾಯಮ್ಮ ಹೆಬ್ಬೆಟ್ಟು ಒತ್ತುವಾಗ ಗುಮಾಸ್ತರೇ ಅವರ ಬೆರಳು ಹಿಡಿದು ಒತ್ತಿಸಬೇಕಾಯಿತು.

ಹಿಂದಿರುಗುವಾಗ ಓಬಳ ಎಲ್ಲರಿಗಿಂತ ಮುಂದೆ ಓಡುತ್ತಿದ್ದ. ಎಲ್ಲಿಯೂ ನಿಲ್ಲಲಿಲ್ಲ. ಕೆರೆ ಏರಿಯ ಮೇಲೆ ಬೆಳ್ಳಕ್ಕಿಗಳು ಎದ್ದವು, ಅವರು ದಾಟಿದ ಮೇಲೆ ಕೂತವು. ಮುನಿತಾಯಮ್ಮ ಹುಣಸೆ ಮರದ ಕೆಳಗೆ ನಿಂತು ತಿರುಗಿ ನೋಡಿದರು. ಬಹಳ ಹೊತ್ತು ನಿಂತರು. ಹಕ್ಕಿಗಳು ಮತ್ತೆ ಏಳಲಿಲ್ಲ.

ಮನೆಗೆ ಬಂದಾಗ ಓಬಳ ಬಾಗಿಲು ಹಾಕಿಕೊಂಡು ಒಳಗಿದ್ದ. ಅವರು ತೆಗೆದರು, ತೆಗೆದು ಹಾಗೇ ಬಿಟ್ಟರು.

"ಹಾಕಮ್ಮ, ಯಾರೂ ಬರಲ್ಲ," ಎಂದ. ಅವನು ಅವರನ್ನು ಅಮ್ಮ ಎಂದದ್ದು ಅಂದೇ ಮೊದಲು.

"ಇರ್ಲಿ ಬಿಡು ಮಗ," ಎಂದರು.

ಅಗುಳಿ ಅಂದಿನಿಂದ ಬಾಗಿಲ ಸಂದಿಯಲ್ಲಿ ಹಾಗೇ ಇದೆ, ಅದರ ಮೇಲೆ ಜೇಡ ಬಲೆ ಕಟ್ಟಿದೆ. ಪ್ರತಿ ಮಾಳಯಕ್ಕೆ ಗಂಗಣ್ಣನ ಎಲೆಯ ಪಕ್ಕ ಅವರೇ ಚಹಾ ಇಡುತ್ತಾರೆ. ಅಂದು ಮಾತ್ರ ಬಾಗಿಲು ಎಳೆದುಕೊಳ್ಳಬೇಕು. ಎಳೆದುಕೊಳ್ಳುವ ಮೊದಲು ಒಳಗೆ ಮುಖ ಮಾಡಿ, ಮೆಲ್ಲಗೆ ಒಂದು ಮಾತು ಕೇಳುತ್ತಾರೆ. ನಾನು ಪಕ್ಕದಲ್ಲೇ ನಿಂತಿದ್ದೆ, ಹೋದ ವರ್ಷ. "ನಾನು ಕರೆದೆನೋ, ನೀವೇ ಬಂದಿರೋ?" ಎಂದು ಕೇಳಿದರು. ಆಮೇಲೆ ಬಾಗಿಲು ಎಳೆದು, ಜಗಲಿಯಲ್ಲಿ ಕೂತು, ಏರಿಯ ಕಡೆ ನೋಡತೊಡಗಿದರು.